ಕತ್ತರಿ ಯಾರ ಕೈಯಲ್ಲಿ?

2001ರ ಏಪ್ರಿಲ್‌ನಲ್ಲಿ ಅಮೆರಿಕದ ನೂರಾರು ರೇಡಿಯೊ ಕೇಂದ್ರಗಳು ಇಂಟರ್‌ನೆಟ್‌ನಿಂದ ಇದ್ದಕ್ಕಿದ್ದಂತೆ ಮಾಯವಾದವು. ಕಾರಿನಲ್ಲಿ, ಅಡುಗೆಮನೆಯ ಪೆಟ್ಟಿಗೆ ರೇಡಿಯೊದಲ್ಲಿ ಅವು ಎಂದಿನಂತೆ ಹಾಡುತ್ತಲೇ ಇದ್ದವು. ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ಸದ್ದಿಲ್ಲ. ಯಾವ ಸರ್ವರೂ ಕೆಟ್ಟಿರಲಿಲ್ಲ, ಸರ್ಕಾರ ಯಾರ ಪರವಾನಗಿಯನ್ನೂ ಕಿತ್ತುಕೊಂಡಿರಲಿಲ್ಲ. ತಕರಾರು ಹುಟ್ಟಿದ್ದು ಜಾಹೀರಾತಿನಿಂದ. ಜಾಹೀರಾತಿಗೆ ದನಿ ಕೊಡುವ ಕಲಾವಿದರ ಸಂಘವಾದ ‘ಆಫ್ಟ್ರಾ’ದ ಒಪ್ಪಂದದಂತೆ, ರೇಡಿಯೊಗೆಂದು ಮಾಡಿದ ಜಾಹೀರಾತು ಇಂಟರ್‌ನೆಟ್‌ನಲ್ಲೂ ಕೇಳಿಬಂದರೆ ಕಲಾವಿದರಿಗೆ ಪ್ರತ್ಯೇಕ ಸಂಭಾವನೆ ಸಲ್ಲಬೇಕಿತ್ತು. ಅದನ್ನು ಯಾರು ಕೊಡಬೇಕು ಎಂದು ಜಾಹೀರಾತು ಏಜೆನ್ಸಿಗಳೂ ರೇಡಿಯೊ ಮಾಲೀಕರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಕ್ಲಿಯರ್ ಚಾನೆಲ್‌ನಂಥ ದೊಡ್ಡ ಕಂಪನಿಗಳು ಇಂಟರ್‌ನೆಟ್ ಪ್ರಸಾರವನ್ನೇ ನಿಲ್ಲಿಸಿಬಿಟ್ಟವು.

ಪ್ರಸಾರ ಮತ್ತೆ ಶುರುವಾಗಬೇಕಾದರೆ ಒಂದು ಉಪಾಯ ಬೇಕಿತ್ತು. ಗೋಪುರದಿಂದ ಹೊರಡುವ ಜಾಹೀರಾತನ್ನು ಇಂಟರ್‌ನೆಟ್ಟಿಗೆ ಹೋಗುವ ದನಿಯಿಂದ ಮಾತ್ರ ಕತ್ತರಿಸಿ ತೆಗೆಯುವುದು, ಖಾಲಿಯಾದ ಜಾಗಕ್ಕೆ ಬೇರೊಂದು ಜಾಹೀರಾತನ್ನೋ ಸಂಗೀತದ ತುಣುಕನ್ನೋ ಸಾರ್ವಜನಿಕ ಪ್ರಕಟಣೆಯನ್ನೋ ತುಂಬುವುದು. ಅಂಥ ಸಾಫ್ಟ್‌ವೇರ್‌ಗಳು ಬಂದವು, ಕೇಂದ್ರಗಳು ಒಂದೊಂದಾಗಿ ಮರಳಿದವು. ಹಾಗೆ ನೋಡಿದರೆ ಇಂಟರ್‌ನೆಟ್ ರೇಡಿಯೊದ ಜಾಹೀರಾತಿಗೆ ದೊಡ್ಡ ಮಟ್ಟದಲ್ಲಿ ಮೊದಲು ಕತ್ತರಿ ಹಾಕಿದವರು ಕೇಳುಗರಲ್ಲ, ರೇಡಿಯೊದವರೇ. ವಿನೋದವೆಂದರೆ ಅವರ ಆ ಕತ್ತರಿಯೇ ಮುಂದೆ ಕೇಳುಗರ ಕೈಯಲ್ಲಿದ್ದ ಕತ್ತರಿಯನ್ನು ಮೊಂಡು ಮಾಡಿತು.

ಕೇಳುಗರ ಕೈಗೆ ಕತ್ತರಿ ಬಂದದ್ದು ಹೇಗೆ ಎಂದು ತಿಳಿಯಲು ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಬೇಕು. 1995ರಲ್ಲಿ ರಿಯಲ್‌ಆಡಿಯೊ ಎಂಬ ತಂತ್ರಾಂಶ ಬಂದಾಗ, ಟೆಲಿಫೋನ್ ಮೋಡೆಮ್‌ನ ಕಿರಿದಾದ ಸಂಪರ್ಕದಲ್ಲೂ ರೇಡಿಯೊ ಕೇಳಬಹುದೆಂಬುದು ಖಾತ್ರಿಯಾಯಿತು. 1997ರಲ್ಲಿ ವಿನ್‌ಆ್ಯಂಪ್ ಎಂಬ ಪುಟ್ಟ ಪ್ಲೇಯರ್ ಬಂತು. ಅದನ್ನು ಮಾಡಿದ ನಲ್‌ಸಾಫ್ಟ್ ಕಂಪನಿಯೇ ಒಂದೆರಡು ವರ್ಷದೊಳಗೆ ಶೌಟ್‌ಕಾಸ್ಟ್ ಎಂಬ ಸರ್ವರನ್ನೂ ಬಿಡುಗಡೆ ಮಾಡಿತು. ಎಂಪಿ3 ಹಾಡುಗಳೂ ಒಂದು ಇಂಟರ್‌ನೆಟ್ ಸಂಪರ್ಕವೂ ಇದ್ದ ಯಾರೇ ಆಗಲಿ ತಮ್ಮ ಕೋಣೆಯಿಂದಲೇ ಕೇಂದ್ರ ನಡೆಸಬಹುದಾಯಿತು. 1999ರಲ್ಲಿ ಇಂಟರ್‌ನೆಟ್ ಸಂಪರ್ಕ ಒದಗಿಸುತ್ತಿದ್ದ ಎಒಎಲ್, ನಲ್‌ಸಾಫ್ಟನ್ನು ಕೊಂಡುಕೊಂಡಿತು.

ಆ ಕಾಲದ ಜಾಹೀರಾತು ಹೆಚ್ಚಾಗಿ ಕಣ್ಣಿಗೆ ಬೀಳುವಂಥದ್ದು, ಕಿವಿಗಲ್ಲ. ಪ್ಲೇಯರಿನ ಕಿಟಕಿಯೊಳಗೆ ಮಿನುಗುವ ಬ್ಯಾನರು, ಅದರ ಹಿಂದೆ ತೆರೆದುಕೊಳ್ಳುವ ಇನ್ನೊಂದು ಕಿಟಕಿ, ಪರದೆಯ ಮೂಲೆಯಿಂದ ತೇಲಿಬರುವ ಸಂದೇಶ. ಇದರಲ್ಲಿ ರಿಯಲ್‌ಆಡಿಯೊದವರ ರಿಯಲ್‌ಪ್ಲೇಯರ್ ಎಷ್ಟು ಕುಖ್ಯಾತವಾಯಿತೆಂದರೆ, 2006ರಲ್ಲಿ ‘ಪಿಸಿ ವರ್ಲ್ಡ್’ ಪತ್ರಿಕೆ ಸಾರ್ವಕಾಲಿಕ ಕೆಟ್ಟ 25 ತಂತ್ರಜ್ಞಾನ ಉತ್ಪನ್ನಗಳ ಪಟ್ಟಿ ಮಾಡಿದಾಗ ಅದಕ್ಕೆ ಎರಡನೇ ಸ್ಥಾನ ಕೊಟ್ಟಿತು. ಮೊದಲ ಸ್ಥಾನ ಸಿಕ್ಕಿದ್ದು ಎಒಎಲ್‌ಗೆ.

ಈ ಬ್ಯಾನರುಗಳನ್ನು ತಡೆಯಲು ಬ್ರೌಸರಿನ ಆ್ಯಡ್‌ಬ್ಲಾಕರ್ ಉಪಯೋಗಕ್ಕೆ ಬರುವುದಿಲ್ಲ. ಡೆಸ್ಕ್‌ಟಾಪ್ ಪ್ಲೇಯರು ಬ್ರೌಸರಿನ ಹೊರಗೆ ಓಡುವ ಬೇರೆಯೇ ಪ್ರೋಗ್ರಾಮು. ಬ್ರೌಸರಿಗೆ ತೊಡಿಸಿದ ಎಕ್ಸ್‌ಟೆನ್ಷನ್ನಿನ ಅಧಿಕಾರ ಅಲ್ಲಿ ನಡೆಯದು. ಆಗ ಕೈಹಿಡಿದದ್ದು ‘ಹೋಸ್ಟ್ಸ್’ ಎಂಬ ಹಳೆಯ ಪಠ್ಯ ಕಡತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇದು ಇಂದಿಗೂ ಇದೆ. ಒಂದು ಹೆಸರಿನ ಸರ್ವರ್ ಎಲ್ಲಿದೆ ಎಂದು ಕಂಪ್ಯೂಟರ್ ಹೊರಗೆ ವಿಚಾರಿಸುವ ಮೊದಲು ಈ ಕಡತವನ್ನು ನೋಡುತ್ತದೆ. ಜಾಹೀರಾತು ಪೂರೈಸುವ ಸರ್ವರಿನ ಹೆಸರಿನ ಮುಂದೆ 127.0.0.1 ಅಂತಲೋ 0.0.0.0 ಅಂತಲೋ ಬರೆದರೆ, ಪ್ಲೇಯರು ಜಾಹೀರಾತನ್ನು ಹುಡುಕಿಕೊಂಡು ಹೋಗಿ ತನ್ನದೇ ಮನೆಯ ಗೋಡೆಗೆ ಹಣೆ ಬಡಿದುಕೊಂಡು ಹಿಂತಿರುಗುತ್ತದೆ. ಬ್ಯಾನರಿನ ಜಾಗ ಬಿಳಿಚಿಕೊಂಡು ಕೂರುತ್ತದೆ, ಹಾಡು ಮಾತ್ರ ನಿಲ್ಲುವುದಿಲ್ಲ. ಸಾವಿರಾರು ಸರ್ವರುಗಳ ಹೆಸರಿರುವ ಸಿದ್ಧ ಹೋಸ್ಟ್ಸ್ ಪಟ್ಟಿಗಳನ್ನು ಹವ್ಯಾಸಿಗಳು ಕಟ್ಟಿ ಹಂಚಿದರು. ಇಡೀ ಮನೆಯ ಸಂಪರ್ಕಕ್ಕೇ ಅದೇ ಕೆಲಸ ಮಾಡುವ ಪೈ-ಹೋಲ್ ಇದರ ಮೊಮ್ಮಗ ಎನ್ನಬಹುದು.

ಈ ವಿಧಾನ ಸರಳ, ಆದರೆ ಕುರುಡು. ಹಾಡೂ ಜಾಹೀರಾತೂ ಒಂದೇ ಹೆಸರಿನ ಸರ್ವರಿನಿಂದ ಬಂದರೆ ಎರಡೂ ಹೋಗುತ್ತವೆ, ಇಲ್ಲವೇ ಎರಡೂ ಉಳಿಯುತ್ತವೆ.

ಜಾಹೀರಾತು ಕಣ್ಣಿನಿಂದ ಕಿವಿಗೆ ಜಾಗ ಬದಲಿಸಿದಾಗ ಕೇಳುಗರಿಗೆ ಬೇರೆ ಸುಳಿವು ಬೇಕಾಯಿತು. ಅದನ್ನು ಕೊಟ್ಟದ್ದು ಶೌಟ್‌ಕಾಸ್ಟ್‌ನ ಒಳಗಿನ ಒಂದು ಚಿಕ್ಕ ಏರ್ಪಾಡು. ಪ್ಲೇಯರಿನಲ್ಲಿ ಹಾಡಿನ ಹೆಸರು, ಗಾಯಕರ ಹೆಸರು ಮೂಡುವುದನ್ನು ಎಲ್ಲರೂ ನೋಡಿರುತ್ತಾರೆ. ಅದು ಬೇರೆ ದಾರಿಯಿಂದ ಬರುವುದಿಲ್ಲ. ಹಾಡಿನ ಬೈಟುಗಳ ನಡುವೆಯೇ ಸಿಕ್ಕಿಸಿ ಕಳಿಸುತ್ತಾರೆ. ಪ್ಲೇಯರು ಶುರುವಿನಲ್ಲೇ ‘ಹೆಸರೂ ಬೇಕು’ ಎಂದು ಕೇಳಿಕೊಂಡರೆ, ಸರ್ವರು ‘ಪ್ರತಿ 16,000 ಬೈಟಿಗೊಮ್ಮೆ ನೋಡಿಕೋ’ ಎಂಬರ್ಥದ ಉತ್ತರ ಕೊಡುತ್ತದೆ. ಸೆಕೆಂಡಿಗೆ 128 ಕಿಲೋಬಿಟ್ ವೇಗದ ಪ್ರಸಾರದಲ್ಲಿ 16,000 ಬೈಟು ಎಂದರೆ ಸರಿಯಾಗಿ ಒಂದು ಸೆಕೆಂಡು. ಅಷ್ಟು ಬೈಟು ಮುಗಿದೊಡನೆ ಒಂದು ಬೈಟಿನಲ್ಲಿ ಒಕ್ಕಣೆಯ ಉದ್ದ, ಅದರ ಹಿಂದೆ ಒಕ್ಕಣೆ, ಮತ್ತೆ ಹಾಡು. ಈ ಒಕ್ಕಣೆಯನ್ನು ಓದಬಲ್ಲ ಯಾವ ಪ್ರೋಗ್ರಾಮಿಗೂ ಈಗ ಏನು ನಡೆಯುತ್ತಿದೆ ಎಂಬುದು ಗೊತ್ತಾಗಿಬಿಡುತ್ತದೆ. ಗಾಯಕರ ಹೆಸರಿದ್ದ ಜಾಗದಲ್ಲಿ ಬರೀ ಕೇಂದ್ರದ ಹೆಸರು ಬಂತೆಂದರೆ ಹಾಡು ಮುಗಿದಿದೆ ಎಂದು ಊಹಿಸಬಹುದು.

ಕೆಲವು ಜಾಹೀರಾತು ಜಾಲಗಳು ಇನ್ನೂ ಉದಾರಿಗಳು. ಆ್ಯಡ್ಸ್‌ವಿಜ್ ಸೇರಿಸುವ ಜಾಹೀರಾತುಗಳು ಈ ಒಕ್ಕಣೆಯಲ್ಲಿ ‘ಇದು ಜಾಹೀರಾತು, ಇದರ ಅವಧಿ ಇಷ್ಟು ಮಿಲಿಸೆಕೆಂಡು’ ಎಂದು ತಮ್ಮ ಗುಟ್ಟನ್ನು ತಾವೇ ಬಿಟ್ಟುಕೊಡುತ್ತವೆ. ಪೆದ್ದುತನದಿಂದಲ್ಲ. ದನಿಯ ಜಾಹೀರಾತು ಕೇಳಿಸುವ ಹೊತ್ತಿಗೇ ಪ್ಲೇಯರಿನ ಕಿಟಕಿಯಲ್ಲಿ ಅದರ ಜೋಡಿ ಚಿತ್ರ ಮೂಡಬೇಕಲ್ಲ, ಅದಕ್ಕೆ ಪ್ಲೇಯರಿಗೆ ಮುನ್ಸೂಚನೆ ಬೇಕು. ಕ್ಲಿಕ್ಕಿನ ಆಸೆಗೆ ಅಂಟಿಸಿದ ಆ ಚೀಟಿಯೇ ಮ್ಯೂಟ್ ಮಾಡುವವರಿಗೆ ಅಚ್ಚುಕಟ್ಟಾದ ಗುರುತಾಯಿತು.

ಈ ಗುರುತು ಹಿಡಿಯುವ ಆಟ ಅತಿ ಹೆಚ್ಚು ನಡೆದದ್ದು ಸ್ಪಾಟಿಫೈ ಸುತ್ತ. ಕಟ್ಟುನಿಟ್ಟಾಗಿ ಹೇಳಿದರೆ ಸ್ಪಾಟಿಫೈ ರೇಡಿಯೊ ಅಲ್ಲ. ಆದರೆ ಕಚೇರಿಯ ಕಂಪ್ಯೂಟರಿನಲ್ಲಿ ರೇಡಿಯೊ ಕೂರುತ್ತಿದ್ದ ಜಾಗದಲ್ಲಿ ಇಂದು ಕೂತಿರುವುದು ಅದೇ. 2008ರ ಅಕ್ಟೋಬರಿನಲ್ಲಿ ಯುರೋಪಿನಲ್ಲಿ ಶುರುವಾದಾಗಲೇ ಅದು ಉಚಿತ ಕೇಳುಗರಿಗೆ ಹಾಡುಗಳ ನಡುವೆ ಜಾಹೀರಾತು ಕೇಳಿಸುತ್ತಿತ್ತು. ಜಾಹೀರಾತು ಬಂದಾಗ ಕೇಳುಗ ಪ್ಲೇಯರಿನ ಧ್ವನಿಯನ್ನು ಸೊನ್ನೆಗೆ ಇಳಿಸಿದರೆ ಜಾಹೀರಾತೂ ಅಲ್ಲೇ ನಿಂತು ಕಾಯುತ್ತಿತ್ತು. ಧ್ವನಿ ಏರಿಸಿದಾಗ ಬಿಟ್ಟಲ್ಲಿಂದಲೇ ಮುಂದುವರಿಯುತ್ತಿತ್ತು. ಕೇಳಿಸಿಯೇ ತೀರುತ್ತೇನೆ ಎಂಬ ಹಟ.

ಹಟಕ್ಕೆ ಮರುಹಟವೂ ಹುಟ್ಟಿತು. ವಿಂಡೋಸ್ ವಿಸ್ಟಾದಿಂದ ಈಚೆಗೆ ಪ್ರತಿ ಪ್ರೋಗ್ರಾಮಿನ ಧ್ವನಿಯನ್ನು ಕಂಪ್ಯೂಟರಿನ ಮಿಕ್ಸರಿನಿಂದ ಬೇರೆ ಬೇರೆಯಾಗಿ ಏರಿಳಿಸಬಹುದು. ಇಝಡ್‌ಬ್ಲಾಕರ್ ಎಂಬ ಪುಟ್ಟ ಪ್ರೋಗ್ರಾಮು ಇದನ್ನೇ ಹಿಡಿಯಿತು. ಸ್ಪಾಟಿಫೈ ಕಿಟಕಿಯ ಶೀರ್ಷಿಕೆಯಲ್ಲಿ ಗಾಯಕರ ಹೆಸರೂ ಹಾಡಿನ ಹೆಸರೂ ಇರುವಷ್ಟು ಹೊತ್ತು ಸುಮ್ಮನಿರುವುದು, ಅದು ಬದಲಾದ ಗಳಿಗೆಯಲ್ಲಿ ಮಿಕ್ಸರಿನಲ್ಲಿ ಸ್ಪಾಟಿಫೈ ಒಂದರ ದನಿಯನ್ನು ಮಾತ್ರ ಅಡಗಿಸುವುದು. ಜಾಹೀರಾತು ತನ್ನ ಪಾಡಿಗೆ ಓಡಿ ಮುಗಿಯುತ್ತದೆ, ಕೇಳುಗನಿಗೆ ಅರ್ಧ ನಿಮಿಷದ ಮೌನ. ಇದನ್ನು ತಡೆ ಎನ್ನುವುದಕ್ಕಿಂತ ಕಿವಿ ಮುಚ್ಚಿಕೊಳ್ಳುವುದು ಎನ್ನುವುದೇ ಸರಿ. ಈ ಆಸೆಯೇನೂ ಹೊಸದಲ್ಲ. 1955ರಲ್ಲಿ ಅಮೆರಿಕದ ಝೆನಿತ್ ಕಂಪನಿ ‘ಫ್ಲ್ಯಾಶ್-ಮ್ಯಾಟಿಕ್’ ಎಂಬ, ಬೆಳಕು ಬಿಟ್ಟು ಟಿವಿ ನಿಯಂತ್ರಿಸುವ ನಿಸ್ತಂತು ರಿಮೋಟನ್ನು ಮಾರುಕಟ್ಟೆಗೆ ತಂದಾಗ, ಕಾಟ ಕೊಡುವ ಜಾಹೀರಾತಿನ ದನಿಯನ್ನು ಕೂತಲ್ಲಿಂದಲೇ ಅಡಗಿಸಬಹುದು ಎಂಬುದನ್ನೇ ಅದರ ಹೆಚ್ಚುಗಾರಿಕೆಯಾಗಿ ಸಾರಿತ್ತು. ಆ ಮಾತನ್ನು ಸಾರಿದ್ದೂ ಜಾಹೀರಾತಿನಲ್ಲೇ!

ಮ್ಯೂಟ್ ಮಾಡುವವರನ್ನು ಸ್ಪಾಟಿಫೈ ಒಂದಷ್ಟು ಕಾಲ ಸಹಿಸಿಕೊಂಡಿತು. ಆದರೆ ಪ್ಲೇಯರನ್ನೇ ತಿದ್ದಿ, ಜಾಹೀರಾತಿನ ಭಾಗವನ್ನೇ ಕಿತ್ತುಹಾಕಿದ ಕಳ್ಳ ಆವೃತ್ತಿಗಳು ಹರಡಿದಾಗ ಲೆಕ್ಕ ಕೊಡಬೇಕಾಯಿತು. 2018ರ ಮಾರ್ಚಿನಲ್ಲಿ, ನ್ಯೂಯಾರ್ಕ್ ಷೇರು ಮಾರುಕಟ್ಟೆಗೆ ಕಾಲಿಡುವ ಮುನ್ನ ಸಲ್ಲಿಸಿದ ದಾಖಲೆಯಲ್ಲಿ ಕಂಪನಿ ಒಪ್ಪಿಕೊಂಡ ಪ್ರಕಾರ, ಸುಮಾರು 20 ಲಕ್ಷ ಮಂದಿ ಹಣವನ್ನೂ ಕೊಡದೆ ಜಾಹೀರಾತನ್ನೂ ಕೇಳದೆ ಹಾಡು ಕೇಳುತ್ತಿದ್ದರು. ತಿಂಗಳ ಬಳಕೆದಾರರ ಸಂಖ್ಯೆಯನ್ನು 15.9 ಕೋಟಿಯಿಂದ 15.7 ಕೋಟಿಗೆ ತಿದ್ದಿ ಬರೆಯಬೇಕಾಯಿತು. 2019ರ ಮಾರ್ಚ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳಲ್ಲಿ, ಜಾಹೀರಾತು ತಡೆದರೆ ಖಾತೆಯನ್ನೇ ರದ್ದು ಮಾಡಬಹುದು ಎಂಬ ಮಾತು ಸೇರಿತು. ಅದಕ್ಕೆ ಮೂರು ದಿನ ಮೊದಲು, ಫೆಬ್ರುವರಿ 26ರಂದು, ಸ್ಪಾಟಿಫೈ ಭಾರತಕ್ಕೆ ಕಾಲಿಟ್ಟಿತ್ತು.

ಜಾಹೀರಾತು ತಡೆಯುವವರನ್ನೆಲ್ಲ ಪುಕ್ಕಟೆ ಗಿರಾಕಿಗಳು ಎಂದು ತಳ್ಳಿಹಾಕುವ ಮೊದಲು ಎರಡು ಘಟನೆಗಳನ್ನು ನೆನೆಯಬೇಕು. 2011ರ ಮಾರ್ಚಿನಲ್ಲಿ ಸ್ಪಾಟಿಫೈ ಉಚಿತ ಪ್ಲೇಯರಿನೊಳಗೆ ಮೂರನೆಯವರು ಪೂರೈಸಿದ್ದ ಒಂದು ಜಾಹೀರಾತು ಕುತಂತ್ರಾಂಶ ಹೊತ್ತು ತಂದಿತ್ತು. ಯಾರೂ ಅದರ ಮೇಲೆ ಕ್ಲಿಕ್ಕಿಸಬೇಕಾಗಿರಲಿಲ್ಲ. ಪ್ಲೇಯರಿನಲ್ಲಿ ಜಾಹೀರಾತು ಮೂಡಿದರೆ ಸಾಕು, ಸೂಕ್ತ ಅಪ್‌ಡೇಟ್ ಇಲ್ಲದ ವಿಂಡೋಸ್ ಕಂಪ್ಯೂಟರಿಗೆ ಸೋಂಕು ತಗಲುತ್ತಿತ್ತು. ಕಂಪನಿ ಹೊರಗಿನವರ ಜಾಹೀರಾತುಗಳನ್ನು ತೆಗೆದುಹಾಕಬೇಕಾಯಿತು. 2016ರ ಅಕ್ಟೋಬರಿನಲ್ಲಿ ಮತ್ತೊಮ್ಮೆ: ಉಚಿತ ಪ್ಲೇಯರು ತೆರೆದಿದ್ದರೆ ಬ್ರೌಸರು ತಾನಾಗಿಯೇ ಅಪಾಯಕಾರಿ ಪುಟಗಳನ್ನು ತೆರೆಯುತ್ತಿತ್ತು. ಹಾಡಿನ ಪ್ಲೇಯರೊಳಗೆ ಅಪರಿಚಿತ ಸರ್ವರಿನಿಂದ ಬಂದ ಪ್ರೋಗ್ರಾಮು ಓಡುವಾಗ ಅದನ್ನು ತಡೆಯುವುದು ಸ್ವರಕ್ಷಣೆ. ಹಾಡಿನ ನಡುವೆ ಸಾಬೂನಿನ ಗುಣಗಾನ ಕೇಳಿಸಿತು ಎಂದು ಸಿಡಿಮಿಡಿಗೊಳ್ಳುವುದು ಬೇರೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರಿಂದಲೇ ಚರ್ಚೆ ಇಷ್ಟು ವರ್ಷ ಗೋಜಲಾಗಿರುವುದು.

ಪಂಡೋರಾದ ದಾರಿ ಬೇರೆ. 2005ರಲ್ಲಿ ಶುರುವಾದ ಈ ಅಮೆರಿಕನ್ ಸೇವೆ ಕೇಳುಗನ ರುಚಿಗೆ ತಕ್ಕ ಕೇಂದ್ರವನ್ನು ಕಟ್ಟಿಕೊಡುತ್ತದೆ. 2007ರಲ್ಲಿ ಹಕ್ಕುಸ್ವಾಮ್ಯದ ಕಾರಣಕ್ಕೆ ಹೊರದೇಶದ ಕೇಳುಗರಿಗೆ ಬಾಗಿಲು ಹಾಕಿದ್ದರಿಂದ ಬೆಂಗಳೂರಿನ ಬಹುಪಾಲು ಕೇಳುಗರಿಗೆ ಅದು ಹೆಸರಿಗಷ್ಟೇ ಪರಿಚಯ. ಅಲ್ಲಿ ಹಾಡು ಬೇರೆ ಕಡತ, ಜಾಹೀರಾತು ಬೇರೆ ಕಡತ. ಹಾಗಾಗಿ ಹವ್ಯಾಸಿ ಪ್ರೋಗ್ರಾಮರುಗಳು ಪಿಯಾನೊಬಾರ್, ಪಿಥೋಸ್‌ನಂಥ ಮುಕ್ತ ತಂತ್ರಾಂಶದ ಪ್ಲೇಯರುಗಳನ್ನು ಬರೆದಾಗ ಜಾಹೀರಾತನ್ನು ‘ತಡೆಯುವ’ ಕೆಲಸವೇ ಅವರಿಗಿರಲಿಲ್ಲ. ಪಿಯಾನೊಬಾರ್ ಕಪ್ಪು ಪರದೆಯ ಮೇಲೆ ಅಕ್ಷರಗಳಲ್ಲೇ ನಡೆಯುವ ಪ್ಲೇಯರು. ಅದು ಪಂಡೋರಾದಿಂದ ಹಾಡನ್ನು ಕೇಳಿ ಪಡೆಯುತ್ತದೆ, ಜಾಹೀರಾತನ್ನು ಕೇಳುವುದೇ ಇಲ್ಲ.

ಇಷ್ಟು ಕಾಲ ಕೇಳುಗನ ಕೈ ಮೇಲಾಗಿದ್ದಕ್ಕೆ ಮುಖ್ಯ ಕಾರಣ: ಹಾಡೂ ಜಾಹೀರಾತೂ ಅವನ ಕಂಪ್ಯೂಟರಿಗೆ ಬಂದ ಮೇಲೆ ಕೂಡುತ್ತಿದ್ದವು. ಈಗ 2001ರ ಆ ಕತ್ತರಿಯನ್ನು ಮತ್ತೆ ನೆನೆಯಬೇಕು. ಕೇಂದ್ರದಲ್ಲೇ ಒಂದು ಜಾಹೀರಾತನ್ನು ತೆಗೆದು ಇನ್ನೊಂದನ್ನು ಹೊಲಿಯುವ ವಿದ್ಯೆ ಇಪ್ಪತ್ತು ವರ್ಷಗಳಲ್ಲಿ ಬಲು ನಯವಾಗಿ ಬೆಳೆಯಿತು. ಕೇಳುಗ ಸಂಪರ್ಕಿಸಿದೊಡನೆ ಸರ್ವರು ಅವನ ಐಪಿ ವಿಳಾಸದಿಂದ ಊರನ್ನು ಅಂದಾಜಿಸುತ್ತದೆ, ಆ ಊರಿಗೆ ತಕ್ಕ ಜಾಹೀರಾತನ್ನು ಅವನೊಬ್ಬನ ಧಾರೆಗೇ ಸೇರಿಸಿ ಕಳಿಸುತ್ತದೆ. ಒಂದೇ ಕೇಂದ್ರವನ್ನು ಒಂದೇ ಗಳಿಗೆಯಲ್ಲಿ ಕೇಳುತ್ತಿರುವ ಷಿಕಾಗೊದವನಿಗೆ ಒಂದು, ಡಲ್ಲಾಸಿನವಳಿಗೆ ಇನ್ನೊಂದು. ಇದೊಂದು ದೊಡ್ಡ ವ್ಯಾಪಾರವೂ ಹೌದು: 2018ರಲ್ಲಿ ಪಂಡೋರಾ 14.5 ಕೋಟಿ ಡಾಲರಿಗೆ ಆ್ಯಡ್ಸ್‌ವಿಜ್ ಅನ್ನು ಕೊಂಡಿತು. 2021ರಲ್ಲಿ ಐಹಾರ್ಟ್‌ಮೀಡಿಯಾ 23 ಕೋಟಿ ಡಾಲರಿಗೆ ಅದೇ ವ್ಯಾಪಾರದ ಟ್ರೈಟನ್ ಡಿಜಿಟಲ್ ಅನ್ನು ಕೊಂಡಿತು. ಈ ಐಹಾರ್ಟ್‌ಮೀಡಿಯಾ ಬೇರೆ ಯಾರೂ ಅಲ್ಲ, 2001ರಲ್ಲಿ ಜಾಹೀರಾತಿನ ತಂಟೆಗೆ ಹೆದರಿ ಪ್ರಸಾರ ನಿಲ್ಲಿಸಿದ್ದ ಅದೇ ಕ್ಲಿಯರ್ ಚಾನೆಲ್, ಹೆಸರು ಬದಲಿಸಿಕೊಂಡಿದೆ.

ಹೀಗೆ ಸರ್ವರಿನಲ್ಲೇ ಹೊಲಿದು ಕಳಿಸಿದ ಧಾರೆಯ ಮುಂದೆ ಹೋಸ್ಟ್ಸ್ ಕಡತ ನಿರುಪಾಯ. ಎಲ್ಲ ಬೈಟುಗಳೂ ಒಂದೇ ವಿಳಾಸದಿಂದ, ಒಂದೇ ಸಾಲಿನಲ್ಲಿ ಬರುತ್ತವೆ. ಹಾಲಿನಿಂದ ನೀರನ್ನು ಬೇರ್ಪಡಿಸುವ ಹಂಸವೇ ಬೇಕು.

ಅಂಥ ಹಂಸವನ್ನು ಸಾಕಲು ಹೊರಟದ್ದು ಫ್ರಾನ್ಸಿನಲ್ಲಿ ಹುಟ್ಟಿದ ‘ಆ್ಯಡ್‌ಬ್ಲಾಕ್ ರೇಡಿಯೊ’ ಎಂಬ ಮುಕ್ತ ತಂತ್ರಾಂಶ. 2018ರ ಸುಮಾರಿಗೆ ಹೆಸರಾದ ಇದು ವಿಳಾಸವನ್ನೂ ನೋಡುವುದಿಲ್ಲ, ಒಕ್ಕಣೆಯನ್ನೂ ನಂಬುವುದಿಲ್ಲ. ಮನುಷ್ಯರಂತೆ ಕೇಳಿಯೇ ತೀರ್ಮಾನಿಸುತ್ತದೆ. ಕಿವಿಗೆ ಬಿದ್ದದ್ದನ್ನು ಜಾಹೀರಾತು, ಮಾತು, ಸಂಗೀತ ಎಂದು ಮೂರು ರಾಶಿ ಮಾಡುವುದು ಅದರ ಕೆಲಸ. ಅದಕ್ಕೆ ಎರಡು ಬಗೆಯ ಪರೀಕ್ಷೆ. ಮೊದಲನೆಯದು ಬೆರಳಚ್ಚಿನ ಥರ: ಜಾಹೀರಾತಿನ ದೌರ್ಬಲ್ಯವೆಂದರೆ ಅದು ಒಂದು ಅಕ್ಷರವೂ ಬದಲಾಗದೆ ದಿನಕ್ಕೆ ಹತ್ತಾರು ಸಲ ಮರಳಿ ಬರುವುದು. ಒಮ್ಮೆ ಗುರುತು ಬರೆದಿಟ್ಟುಕೊಂಡರೆ ಮುಂದಿನ ಸಲ ಹಿಡಿಯುವುದು ಸುಲಭ. ಶಝಾಮ್ ಆ್ಯಪ್ ಹಾಡಿನ ಹೆಸರು ಹೇಳುವುದೂ ಇಂಥದೇ ವಿದ್ಯೆಯಿಂದ. ಎರಡನೆಯದು, ಹಿಂದೆಂದೂ ಕೇಳಿರದ ಜಾಹೀರಾತನ್ನೂ ಅದರ ದನಿಯ ಲಯ, ಅವಸರ, ಒತ್ತಡಗಳಿಂದಲೇ ಗುರುತಿಸುವಂತೆ ತರಬೇತಿ ಕೊಟ್ಟ ನರಜಾಲ. ಜಾಹೀರಾತಿನವರು ಉಸಿರು ಬಿಡದೆ, ದನಿಯ ಏರಿಳಿತವನ್ನೆಲ್ಲ ಹಿಂಡಿ ಒಂದೇ ಎತ್ತರದಲ್ಲಿ ಮಾತಾಡುವುದನ್ನು ಮಗುವೂ ಗುರುತಿಸುತ್ತದೆ. ಯಂತ್ರಕ್ಕೂ ಅದನ್ನು ಕಲಿಸಬಹುದು.

ತಾಪತ್ರಯ ಇರುವುದು ಗುರುತಿಸಿದ ಮೇಲೆ. ಬರೆದ ಪುಟದಲ್ಲಿ ಜಾಹೀರಾತು ತೆಗೆದರೆ ಕೆಳಗಿನ ಸಾಲು ಮೇಲಕ್ಕೆ ಬರುತ್ತದೆ. ನೇರ ಪ್ರಸಾರದಲ್ಲಿ ಮುಂದಿನ ಹಾಡು ಇನ್ನೂ ಹುಟ್ಟೇ ಇಲ್ಲ! ಜಾಹೀರಾತನ್ನು ಕಿತ್ತರೆ ಉಳಿಯುವುದು ಖಾಲಿ ಹೊತ್ತು. ಆ್ಯಡ್‌ಬ್ಲಾಕ್ ರೇಡಿಯೊ ಇದಕ್ಕೆ ದನಿ ತಗ್ಗಿಸುವುದು, ಅಷ್ಟು ಹೊತ್ತು ಇನ್ನೊಂದು ಕೇಂದ್ರಕ್ಕೆ ಜಿಗಿಯುವುದು ಎಂಬ ದಾರಿಗಳನ್ನು ಕೊಟ್ಟಿತು. ಇನ್ನೊಂದು ಜಾಣ ದಾರಿಯೂ ಇದೆ: ಪ್ರಸಾರವನ್ನು ಹಿಂದಿನಿಂದ ಕೂಡಿಟ್ಟುಕೊಂಡು, ಕೆಲವು ನಿಮಿಷ ತಡವಾಗಿ ಕೇಳುವುದು. ಹಾಗೆ ಕೂಡಿಟ್ಟ ನಿಮಿಷಗಳನ್ನು ಜಾಹೀರಾತು ಬಂದಾಗಲೆಲ್ಲ ಖರ್ಚು ಮಾಡಿ ಮುಂದೆ ಹಾರಬಹುದು. ಸಂಗೀತಕ್ಕೆ ಇದು ಚೆನ್ನ. ಕ್ರಿಕೆಟ್ ವೀಕ್ಷಕ ವಿವರಣೆ ಕೇಳುವವರಿಗೆ, ಪಕ್ಕದ ಮನೆಯ ಕೇಕೆ ಕೇಳಿಸಿದ ಎಷ್ಟೋ ಹೊತ್ತಿನ ಮೇಲೆ ವಿಕೆಟ್ ಬೀಳುತ್ತದೆ. ಇನ್ನು ಕಾರ್ಯಕ್ರಮ ನಡೆಸುವವರೇ ಹರಟೆಯ ನಡುವೆ ತಮ್ಮದೇ ದನಿಯಲ್ಲಿ ಪ್ರಾಯೋಜಕರ ಹೊಗಳಿಕೆಯನ್ನು ನುಸುಳಿಸಿದರೆ, ಅದನ್ನು ಬೇರ್ಪಡಿಸುವುದು ಯಂತ್ರಕ್ಕಿರಲಿ, ಕೆಲವೊಮ್ಮೆ ಕೇಳುಗನಿಗೂ ಕಷ್ಟ.

ಕಾನೂನು ಏನೆನ್ನುತ್ತದೆ? ಈ ಬಗ್ಗೆ ಹೆಚ್ಚು ತಲೆಕೆಡಿಸಿಕೊಂಡಿರುವುದು ಜರ್ಮನಿಯ ಕೋರ್ಟುಗಳು. ಟಿವಿಯಲ್ಲಿ ಜಾಹೀರಾತು ಬಂದಾಗ ತಾನಾಗಿ ಚಾನೆಲ್ ಬದಲಿಸುವ ಸಾಧನದ ಮಾರಾಟದಲ್ಲಿ ಅನ್ಯಾಯದ ಸ್ಪರ್ಧೆಯೇನೂ ಇಲ್ಲ ಎಂದು ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ 2004ರಲ್ಲೇ ಹೇಳಿತ್ತು. 2018ರ ಏಪ್ರಿಲ್‌ನಲ್ಲಿ, ಬ್ರೌಸರಿನ ಆ್ಯಡ್‌ಬ್ಲಾಕರ್ ಆದ ಆ್ಯಡ್‌ಬ್ಲಾಕ್ ಪ್ಲಸ್ ವಿರುದ್ಧ ಆಕ್ಸೆಲ್ ಸ್ಪ್ರಿಂಗರ್ ಪ್ರಕಾಶನ ಸಂಸ್ಥೆ ಹೂಡಿದ್ದ ದಾವೆಯಲ್ಲೂ ಅದೇ ಧಾಟಿ: ತಡೆಯಬೇಕೋ ಬೇಡವೋ ಎಂಬುದು ಬಳಕೆದಾರನ ತೀರ್ಮಾನ, ಬೇಡವೆಂದವರಿಗೆ ಬಾಗಿಲು ಹಾಕುವ ಸ್ವಾತಂತ್ರ್ಯ ಪ್ರಕಾಶಕರಿಗೂ ಇದೆ. ಆದರೆ ಪುಟದ ಪ್ರೋಗ್ರಾಮನ್ನೇ ತಿದ್ದುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯೇ ಎಂಬ ಬೇರೆ ಪ್ರಶ್ನೆಯನ್ನು ಅದೇ ನ್ಯಾಯಾಲಯ 2025ರ ಜುಲೈನಲ್ಲಿ ಮರುವಿಚಾರಣೆಗೆ ಹಿಂದಕ್ಕೆ ಕಳಿಸಿದೆ. ಪ್ಲೇಯರಿನ ಕಳ್ಳ ಆವೃತ್ತಿಗೆ ಈ ತೀರ್ಪುಗಳ ಆಸರೆ ಸಿಗದು.

ಕಾನೂನಿಗಿಂತ ಗಟ್ಟಿಯಾದದ್ದು ಹಣದ ಪ್ರಶ್ನೆ. ಅಮೆರಿಕದಲ್ಲಿ ಒಂದು ವಿಚಿತ್ರವಿದೆ. ಗೋಪುರದಿಂದ ಪ್ರಸಾರ ಮಾಡುವ ಎಎಂ, ಎಫ್‌ಎಂ ಕೇಂದ್ರಗಳು ಹಾಡು ಬರೆದವರಿಗೆ ರಾಯಧನ ಕೊಡುತ್ತವೆ, ಹಾಡಿದವರಿಗೂ ಧ್ವನಿಮುದ್ರಣದ ಒಡೆಯರಿಗೂ ಕೊಡುವುದಿಲ್ಲ. ಅದೇ ಹಾಡು ಇಂಟರ್‌ನೆಟ್‌ನಲ್ಲಿ ಹೋದರೆ ಅವರಿಗೂ ಕೊಡಬೇಕು, ಅದೂ ಪ್ರತಿ ಕೇಳುಗನ ಲೆಕ್ಕದಲ್ಲಿ. 2016ರ ದರ ಜಾಹೀರಾತು ನಂಬಿದ ಕೇಂದ್ರಗಳಿಗೆ ಒಂದು ಹಾಡಿಗೆ, ಒಬ್ಬ ಕೇಳುಗನಿಗೆ 0.0017 ಡಾಲರ್. ಕೇಳಲು ಚಿಲ್ಲರೆ. ಗಂಟೆಗೆ 15 ಹಾಡು, ಸಾವಿರ ಕೇಳುಗರು ಎಂದು ಗುಣಿಸಿದರೆ ಗಂಟೆಗೆ 25 ಡಾಲರ್ ಮೀರುತ್ತದೆ. ದಿನವಿಡೀ ಅಷ್ಟೇ ಕೇಳುಗರಿದ್ದರೆ 600 ಡಾಲರಿಗೂ ಹೆಚ್ಚು. ಗೋಪುರದ ರೇಡಿಯೊಗೆ ಕೇಳುಗರು ಹೆಚ್ಚಿದಷ್ಟೂ ಲಾಭ, ಇಂಟರ್‌ನೆಟ್ ರೇಡಿಯೊಗೆ ಕೇಳುಗರು ಹೆಚ್ಚಿದಷ್ಟೂ ಖರ್ಚು. ಆದಾಯದ ಇಂತಿಷ್ಟು ಪಾಲು ಕೊಟ್ಟರೆ ಸಾಕು ಎಂದು ಸಣ್ಣ ಕೇಂದ್ರಗಳಿಗೆ ಇದ್ದ ರಿಯಾಯಿತಿ 2015ರ ಕೊನೆಗೆ ಮುಗಿಯಿತು. ಸಾವಿರಾರು ಹವ್ಯಾಸಿ ಕೇಂದ್ರಗಳಿಗೆ ಆಶ್ರಯವಾಗಿದ್ದ ಲೈವ್365, ಮರುತಿಂಗಳೇ, 2016ರ ಜನವರಿ 31ರಂದು ಬಾಗಿಲು ಹಾಕಿತು. ಹೊಸ ಒಡೆತನದಲ್ಲಿ ಮತ್ತೆ ತೆರೆದದ್ದು 2017ರಲ್ಲಿ.

ಜಾಹೀರಾತಿಲ್ಲದೆ ಬದುಕಿದವರೂ ಇದ್ದಾರೆ, ಗಟ್ಟಿಯಾಗಿಯೇ ಬದುಕಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದ ಸೋಮಾಎಫ್‌ಎಂ, ಕ್ಯಾಲಿಫೋರ್ನಿಯಾದ್ದೇ ಆದ ರೇಡಿಯೊ ಪ್ಯಾರಡೈಸ್, ಎರಡೂ 2000ದ ಇಸವಿಯವು. ಎರಡಕ್ಕೂ ಕೇಳುಗರ ದೇಣಿಗೆಯೇ ಆಧಾರ. 2002ರಲ್ಲಿ ರಾಯಧನದ ಹೊಸ ದರ ಪ್ರಕಟವಾದಾಗ ಸೋಮಾಎಫ್‌ಎಂ ತಿಂಗಳುಗಟ್ಟಲೆ ಮುಚ್ಚಿತ್ತು. ಸಣ್ಣ ಪ್ರಸಾರಕರಿಗಾಗಿ ಅಮೆರಿಕದ ಸಂಸತ್ತು ಕಾನೂನು ಮಾಡಿದ ಮೇಲೆ ಮರಳಿತು, ಆಗಲೂ ಜಾಹೀರಾತಿಗೆ ಕೈಚಾಚಲಿಲ್ಲ.

ನಮ್ಮ ಕಡೆಯ ಅನುಭವ ತಿರುಗುಮುರುಗು. 1952ರಲ್ಲಿ ವಾರ್ತಾ ಸಚಿವ ಬಿ.ವಿ. ಕೇಸ್ಕರ್ ಕಾಲದ ಆಕಾಶವಾಣಿಯಲ್ಲಿ ಸಿನಿಮಾ ಹಾಡೂ ಇಲ್ಲ, ಜಾಹೀರಾತೂ ಇಲ್ಲ. ಎರಡೂ ಇದ್ದ ರೇಡಿಯೊ ಸಿಲೋನಿಗೆ ದೇಶವೇ ಮುಳ್ಳು ತಿರುಗಿಸಿತು. ಟೂತ್‌ಪೇಸ್ಟಿನ ಹೆಸರು ಹೊತ್ತ ‘ಬಿನಾಕಾ ಗೀತಮಾಲಾ’ವನ್ನು ಅಮೀನ್ ಸಯಾನಿ ಅವರ ದನಿಗಾಗಿ ಕಾದು ಕೇಳಿದವರು ಯಾರೂ ಪ್ರಾಯೋಜಕರ ಹೆಸರು ಬಂದಾಗ ಗುಂಡಿ ತಿರುಗಿಸಲಿಲ್ಲ. 1957ರಲ್ಲಿ ಹುಟ್ಟಿದ ವಿವಿಧ ಭಾರತಿ ಹತ್ತು ವರ್ಷ ತಡೆದು, 1967ರಲ್ಲಿ ಜಾಹೀರಾತಿಗೆ ಒಪ್ಪಿತು. 2001ರಲ್ಲಿ ಅಮೆರಿಕದ ಕೇಂದ್ರಗಳು ಇಂಟರ್‌ನೆಟ್‌ನಲ್ಲಿ ಬಾಯಿ ಮುಚ್ಚಿದ ಮೂರೇ ತಿಂಗಳಿಗೆ, ಜುಲೈ 3ರಂದು, ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರವಾಗಿ ರೇಡಿಯೊ ಸಿಟಿ 91.1 ಬೆಂಗಳೂರಿನಲ್ಲಿ ಬಾಯಿ ತೆರೆಯಿತು, ಸಂಪೂರ್ಣ ಜಾಹೀರಾತಿನ ಬಲದಿಂದ. ಇಂದು ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪಿನ ಮೂಲಕ ಧಾರವಾಡ, ಮೈಸೂರು ಆಕಾಶವಾಣಿಯನ್ನೂ ಬೆಂಗಳೂರಿನ ಕನ್ನಡ ಕಾಮನಬಿಲ್ಲು, ಶಾಸ್ತ್ರೀಯ ಸಂಗೀತದ ಅಮೃತವರ್ಷಿಣಿಯನ್ನೂ ಜಗತ್ತಿನ ಯಾವ ಮೂಲೆಯಿಂದಲೂ ಕೇಳಬಹುದು. ನ್ಯೂಜೆರ್ಸಿಯ ಕನ್ನಡಿಗರ ಮನೆಯಲ್ಲಿ ಊರಿನ ಸೀರೆ ಅಂಗಡಿಯ ಜಾಹೀರಾತು ಕೇಳಿಬಂದರೆ ಮ್ಯೂಟ್ ಒತ್ತುವವರಿಗಿಂತ ದನಿ ಏರಿಸುವವರೇ ಹೆಚ್ಚಿರಬಹುದು. ಐಪಿ ವಿಳಾಸ ನೋಡಿ ಅಲ್ಲಿನದೇ ಕಾರು ವಿಮೆಯ ಜಾಹೀರಾತು ತುರುಕುವ ಚತುರ ಸರ್ವರಿಗೆ ಈ ಸುಖ ಅರ್ಥವಾಗದು.

ಹಾಗಾದರೆ ಕಂಪ್ಯೂಟರಿನಲ್ಲಿ ರೇಡಿಯೊ ಕೇಳುವವರು ಮಾಡಬೇಕಾದದ್ದೇನು? ಕಿಟಕಿಯ ಬ್ಯಾನರನ್ನೂ ಹಿಂಬಾಲಿಸುವ ಸರ್ವರುಗಳನ್ನೂ ಹೋಸ್ಟ್ಸ್ ಕಡತದಿಂದಲೋ ಇಡೀ ಮನೆಗೆ ಹಾಕುವ ಪೈ-ಹೋಲ್‌ನಂಥ ತಡೆಯಿಂದಲೋ ನಿಲ್ಲಿಸಲು ಸಂಕೋಚ ಬೇಡ. 2011 ಮತ್ತು 2016ರ ಘಟನೆಗಳೇ ಅದಕ್ಕೆ ಸಮರ್ಥನೆ. ‘ಜಾಹೀರಾತು ತೆಗೆದ’ ಕಳ್ಳ ಪ್ಲೇಯರುಗಳನ್ನು ಇಳಿಸಿಕೊಳ್ಳಬೇಡಿ. ಯಾರು ತಿದ್ದಿದರು, ಜಾಹೀರಾತು ತೆಗೆದ ಜಾಗಕ್ಕೆ ಏನು ತುಂಬಿದರು ಎಂದು ಹೇಳುವವರಿಲ್ಲ. ನೇರ ಪ್ರಸಾರದ ದನಿಯಿಂದ ಜಾಹೀರಾತು ಹೆಕ್ಕುವ ಯಂತ್ರಗಳು ಸದ್ಯಕ್ಕೆ ಹವ್ಯಾಸಿಗಳ ಆಟಿಕೆ. ಕುತೂಹಲವಿದ್ದರೆ ಪ್ರಯತ್ನಿಸಿ, ನೆಮ್ಮದಿಗಾಗಿ ಅಲ್ಲ. ದೇಣಿಗೆಯಿಂದ ನಡೆಯುವ ಕೇಂದ್ರವೊಂದನ್ನು ದಿನಾ ಕೇಳುವವರು ವರ್ಷಕ್ಕೊಮ್ಮೆಯಾದರೂ ಅದಕ್ಕೊಂದಿಷ್ಟು ಕಳಿಸಿ.

ಉಳಿದದ್ದು ಒಂದು ಸಣ್ಣ ಅಭ್ಯಾಸ. ಟ್ಯೂನ್‌ಇನ್‌ನಂಥ ಸಂಗ್ರಾಹಕ ಸೇವೆಗಳು ಕೇಂದ್ರ ಶುರುವಾಗುವ ಮೊದಲು ತಮ್ಮದೊಂದು ಜಾಹೀರಾತು ಕೇಳಿಸುತ್ತವೆ. ಅದನ್ನು ತಪ್ಪಿಸಲು ಯಾವ ಬ್ಲಾಕರೂ ಬೇಡ. ಎಷ್ಟೋ ಕೇಂದ್ರಗಳು ತಮ್ಮ ಸ್ಟ್ರೀಮಿನ ನೇರ ವಿಳಾಸವನ್ನು ತಾವೇ ಪ್ರಕಟಿಸಿರುತ್ತವೆ. ಸ್ವಯಂಸೇವಕರು ನಡೆಸುವ ರೇಡಿಯೊ ಬ್ರೌಸರ್ ಎಂಬ ಮುಕ್ತ ಸಂಗ್ರಹದಲ್ಲೂ ಸಾವಿರಾರು ವಿಳಾಸಗಳಿವೆ. ವಿಎಲ್‌ಸಿ ಪ್ಲೇಯರು ತೆರೆದು, ಕಂಟ್ರೋಲ್ ಕೀಲಿಯ ಜೊತೆ ಎನ್ ಒತ್ತಿ, ಆ ವಿಳಾಸ ಅಂಟಿಸಿದರೆ ಮಧ್ಯವರ್ತಿಯಿಲ್ಲದೆ ಕೇಂದ್ರ ಹಾಡತೊಡಗುತ್ತದೆ. ಅಲ್ಲೂ ಜಾಹೀರಾತು ಬಂದರೆ ಅದು ಆ ಕೇಂದ್ರವೇ ಹಾಕಿಸಿದ್ದು, ಅದರ ಹಣದಲ್ಲಿ ಆ ಕೇಂದ್ರಕ್ಕೂ ಪಾಲಿದೆ.